ನ್ಯಾಚುರಲ್ ಸೈಕಲ್‌ನಲ್ಲಿ ದಿನ ಹಿಡಿಯುವುದು: ಸ್ಟ್ರಿಪ್ಪೋ, ಟ್ರಿಗರ್ ಇಂಜೆಕ್ಷನ್ನೋ?

ಐವಿಎಫ್‌ನಲ್ಲಿ ಫ್ರೀಜ್ ಮಾಡಿಟ್ಟ ಎಂಬ್ರಿಯೋವನ್ನು (ಭ್ರೂಣವನ್ನು) ನ್ಯಾಚುರಲ್ ಸೈಕಲ್‌ನಲ್ಲಿ, ಅಂದರೆ ದೇಹ ತಾನಾಗಿ ಅಂಡ ಬಿಡುವ ತಿಂಗಳಲ್ಲಿ, ಗರ್ಭಕೋಶಕ್ಕೆ ಹಾಕಿಸಬೇಕಾದರೆ ಅಂಡ ಬಿಡುವ ದಿನ ಸರಿಯಾಗಿ ಗೊತ್ತಾಗಬೇಕು. ಅದನ್ನು ಮೂತ್ರದ ಸ್ಟ್ರಿಪ್‌ನಿಂದ ಹಿಡಿಯಬಹುದು, ಇಲ್ಲವೇ ಅಂಡ ಬಿಡಿಸುವ ಟ್ರಿಗರ್ ಇಂಜೆಕ್ಷನ್ ಕೊಟ್ಟು ನಾವೇ ಗೊತ್ತುಮಾಡಬಹುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟ್ರಿಗರ್ ಇಂಜೆಕ್ಷನ್‌ಗೆ. ಫ್ರೀಜ್ ಮಾಡಿಟ್ಟ ಐದನೇ ದಿನದ ಎಂಬ್ರಿಯೋ ನಮಗೆ ಮೂರಿದ್ದವು. ಮೊದಲನೆಯದನ್ನು ಮಾತ್ರೆ ಸೈಕಲ್‌ನಲ್ಲಿ (ಹಾರ್ಮೋನು ಮಾತ್ರೆಯಿಂದಲೇ ಗರ್ಭಕೋಶ ಸಿದ್ಧಪಡಿಸುವ ತಿಂಗಳು) ಹಾಕಿಸಿದೆವು, ನಿಲ್ಲಲಿಲ್ಲ. ಎರಡನೆಯದಕ್ಕೆ ಯೂರಿನ್ ಸ್ಟ್ರಿಪ್ ನಂಬಿ ಒಂದು ತಿಂಗಳು ಹೋಯಿತು. ಅದಾದ ಮೇಲೆ ಸ್ಕ್ಯಾನ್, ರಕ್ತಪರೀಕ್ಷೆ, ಇಂಜೆಕ್ಷನ್. ನಾನಿರುವುದು ತುಮಕೂರಿನಲ್ಲಿ, ಕೆಲಸ ಹೈಸ್ಕೂಲಿನಲ್ಲಿ, ಚಿಕಿತ್ಸೆ ಬೆಂಗಳೂರಿನಲ್ಲಿ. ನನ್ನ ಆಯ್ಕೆಗೆ ಇದೂ ಕಾರಣ.

ಮಾತ್ರೆ ಸೈಕಲ್‌ನ ದೊಡ್ಡ ಅನುಕೂಲ ಒಂದೇ, ತಾರೀಖು ನಮ್ಮ ಕೈಯಲ್ಲಿರುತ್ತದೆ. ಆದರೆ ಅಂಡ ಬಿಡುಗಡೆಯೇ ಆಗದ ಕಾರಣ ದೇಹ ತಾನಾಗಿ ಗರ್ಭ ನಿಲ್ಲಿಸುವ ಹಾರ್ಮೋನು ಪ್ರೊಜೆಸ್ಟರಾನ್ ಮಾಡಿಕೊಳ್ಳುವುದಿಲ್ಲ. ಗರ್ಭ ನಿಂತರೂ ಹತ್ತು ಹನ್ನೆರಡು ವಾರದವರೆಗೆ ಎಲ್ಲವನ್ನೂ ಹೊರಗಿನಿಂದಲೇ ಕೊಡಬೇಕು. ಪ್ರೊಜೆಸ್ಟರಾನ್‌ನ ಎಣ್ಣೆ ಇಂಜೆಕ್ಷನ್ ಚುಚ್ಚಿದ ಜಾಗ ಗಂಟುಕಟ್ಟಿ ನಾನು ಒಂದು ಮಗ್ಗುಲಲ್ಲೇ ಮಲಗುತ್ತಿದ್ದೆ. ಇಂಥ ಸೈಕಲ್‌ನಲ್ಲಿ ನಿಂತ ಗರ್ಭದಲ್ಲಿ ಬಿಪಿ ಏರುವ ಸಾಧ್ಯತೆ ನ್ಯಾಚುರಲ್‌ಗಿಂತ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ನಮ್ಮಮ್ಮನಿಗೆ ಬಿಪಿ ಇದೆ. ನನ್ನ ಮುಟ್ಟು 28, 29 ದಿನಕ್ಕೆ ತಪ್ಪದೆ ಬರುತ್ತದೆ. ಹಾಗಾಗಿ ಡಾಕ್ಟರಮ್ಮನೇ ನ್ಯಾಚುರಲ್ ನೋಡೋಣ ಅಂದರು.

ಇನ್ನು ಸ್ಟ್ರಿಪ್. ಅಂಡ ಬಿಡುಗಡೆಗೆ ಸುಮಾರು ಒಂದೂವರೆ ದಿನ ಮೊದಲು ರಕ್ತದಲ್ಲಿ ಎಲ್‌ಎಚ್ ಹಾರ್ಮೋನು ಏರತೊಡಗುತ್ತದೆ. ಅದು ಮೂತ್ರದಲ್ಲಿ ಕಾಣಲು ಇನ್ನೂ ಕೆಲವು ಗಂಟೆ ಬೇಕು. ನನ್ನ ಲೆಕ್ಕ ತಪ್ಪಿದ್ದು ಈ ಕೆಲವು ಗಂಟೆಯಲ್ಲೇ. ಬೆಳಗಿನ ಮೊದಲ ಮೂತ್ರಕ್ಕಿಂತ ಹಗಲು ಹೊತ್ತಿನದು ಒಳ್ಳೆಯದು, ಅದಕ್ಕೆ ಮುಂಚೆ ಎರಡು ಗಂಟೆ ಹೆಚ್ಚು ನೀರು ಕುಡಿಯಬೇಡಿ ಎಂದು ಹೇಳಿದ್ದರು. ಸಾಲಾಗಿ ನಾಲ್ಕು ಪೀರಿಯಡ್ ಇರುವ ಟೀಚರು ಹನ್ನೊಂದು ಗಂಟೆಗೆ ಸ್ಟ್ರಿಪ್ ಹಿಡಿದು ಎಲ್ಲಿಗೆ ಹೋಗಬೇಕು? ಬೆಳಿಗ್ಗೆ ಆರಕ್ಕೇ ಮಾಡುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಎರಡನೇ ಗೆರೆ ಮಸುಕಾಗಿತ್ತು. ಸ್ಟ್ರಿಪ್ಪನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ, ನಮ್ಮೆಜಮಾನ್ರಿಗೂ ತೋರಿಸಿದೆ. ಗೆರೆ ಇದೆ ಅಂದರು, ಆದರೆ ಪಕ್ಕದ ಗೆರೆಯಷ್ಟು ಗಾಢವಾಗಿಲ್ಲವಲ್ಲ ಎಂದು ನಾನೇ ನೆಗೆಟಿವ್ ಬರೆದುಕೊಂಡೆ. ಶನಿವಾರ ಬೆಳಿಗ್ಗೆ ಎರಡೂ ಗೆರೆ ಗಾಢ. ಫೋನ್ ಮಾಡಿದರೆ ಭಾನುವಾರ ಸ್ಕ್ಯಾನ್ ಇಲ್ಲ, ಸೋಮವಾರ ಬನ್ನಿ ಎಂದರು. ಸೋಮವಾರ ಹೋಗುವಷ್ಟರಲ್ಲಿ ಫಾಲಿಕಲ್ (ಅಂಡ ಬೆಳೆಯುವ ಚೀಲ) ಒಡೆದು ಕುಗ್ಗಿತ್ತು, ಪ್ರೊಜೆಸ್ಟರಾನ್ ಏರಿತ್ತು. ಅಂಡ ಬಿಟ್ಟಾಗಿದೆ ಎಂಬುದಷ್ಟೇ ಆ ಅಂಕಿಯಿಂದ ಗೊತ್ತಾಗುತ್ತದೆ, ಬಿಟ್ಟದ್ದು ಶನಿವಾರವೋ ಭಾನುವಾರವೋ ಗೊತ್ತಾಗುವುದಿಲ್ಲ. ಐದು ದಿನದ ಎಂಬ್ರಿಯೋ ಹಾಕುವಾಗ ಗರ್ಭಕೋಶದ ಒಳಪದರವೂ ಅಂಡ ಬಿಟ್ಟ ಐದನೇ ದಿನದಲ್ಲಿರಬೇಕು. ಒಂದು ದಿನದ ಅನುಮಾನ ಇಟ್ಟುಕೊಂಡು ಎಂಬ್ರಿಯೋವನ್ನು ಫ್ರೀಜ್‌ನಿಂದ ತೆಗೆದು ಕರಗಿಸುವುದಿಲ್ಲ ಎಂದರು ಡಾಕ್ಟರಮ್ಮ. ವಾಪಸು ಬರುವ ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಎಂಬ್ರಿಯೋ ಕರಗಿಸದೆ ಉಳಿಸಿದರಲ್ಲ, ಅವರ ಆ ಬಿಗಿ ಒಳ್ಳೆಯದೇ ಆಯಿತು ಎಂದು ಈಗ ಅನ್ನಿಸುತ್ತದೆ.

ಸ್ಟ್ರಿಪ್ ಕೆಟ್ಟದ್ದು ಎನ್ನಲಾರೆ. ಹಗಲು ಮನೆಯಲ್ಲಿರುವವರು, ದಿನಕ್ಕೆ ಎರಡು ಸಲ ನೋಡಬಲ್ಲವರು, ಆಸ್ಪತ್ರೆ ಹತ್ತಿರವಿರುವವರು ಹಿಡಿದುಬಿಡುತ್ತಾರೆ. ಪಿಸಿಓಡಿ (ಅಂಡಾಶಯದ ಹಾರ್ಮೋನು ತೊಂದರೆ) ಇದ್ದರೆ ಮಾತ್ರ ಎಲ್‌ಎಚ್ ಸದಾ ಹೆಚ್ಚಿದ್ದು ಸುಳ್ಳು ಪಾಸಿಟಿವ್ ಬರಬಹುದು.

ದಿನಾ ರಕ್ತ ಕೊಟ್ಟು ಎಲ್‌ಎಚ್ ಏರುವುದನ್ನೇ ಕಾಯುವ ದಾರಿಯೂ ಇದೆ. ನಮ್ಮೂರಿನ ಲ್ಯಾಬಿನ ರಿಪೋರ್ಟ್ ಸಂಜೆಗೆ ಬರುವುದರಿಂದ ನನಗೆ ಆಗಲಿಲ್ಲ.

ಮೂರನೇ ಸಲ ಮುಟ್ಟಿನ ಹತ್ತನೇ ದಿನ ಫಾಲಿಕಲ್ 14 ಮಿಲಿಮೀಟರ್, ಹನ್ನೆರಡನೇ ದಿನ 18, ಒಳಪದರ 8.6. ಅವತ್ತೇ ರಕ್ತದ ಎಲ್‌ಎಚ್ ನೋಡಿದರು, ಇನ್ನೂ ಏರಿರಲಿಲ್ಲ. ಏರಿದ್ದರೆ ಅಲ್ಲಿಂದಲೇ ಎಣಿಸುತ್ತಿದ್ದರಂತೆ. ಬುಧವಾರ ರಾತ್ರಿ ಒಂಬತ್ತಕ್ಕೆ ಟ್ರಿಗರ್, ಅಂದರೆ ಎಚ್‌ಸಿಜಿ ಹಾರ್ಮೋನಿನ ಇಂಜೆಕ್ಷನ್, ಮುಂದಿನ ಬುಧವಾರ ಟ್ರಾನ್ಸ್‌ಫರ್, ಎಂದರೆ ಎಂಬ್ರಿಯೋ ಹಾಕುವುದು. ಇಂಜೆಕ್ಷನ್ ಆದ ಸುಮಾರು 36ರಿಂದ 40 ಗಂಟೆಯಲ್ಲಿ ಅಂಡ ಬಿಡುತ್ತದೆ, ಗೆರೆ ನೋಡಿ ಊಹಿಸುವ ಕೆಲಸವಿಲ್ಲ. ಒಂದು ವಾರ ಮೊದಲೇ ಹೆಡ್ ಮಾಸ್ಟರ ಕೈಗೆ ರಜೆ ಅರ್ಜಿ ಕೊಟ್ಟೆ. ಎಲ್ಲರಿಂದ ಗುಟ್ಟಾಗಿಟ್ಟುಕೊಂಡು ಇದನ್ನೆಲ್ಲ ಮಾಡುವವಳಿಗೆ ಅದು ಎಷ್ಟು ದೊಡ್ಡ ನೆಮ್ಮದಿ ಎಂದು ಈ ದಾರಿ ತುಳಿದವರಿಗೆ ಗೊತ್ತು.

ಒಂದು ಎಚ್ಚರಿಕೆ. ಆ ಇಂಜೆಕ್ಷನ್ನಿನಲ್ಲಿ ಇರುವುದೂ ಮನೆಯ ಪ್ರೆಗ್ನೆನ್ಸಿ ಟೆಸ್ಟ್ ಹುಡುಕುವುದೂ ಒಂದೇ ಹಾರ್ಮೋನು. ಹತ್ತು ದಿನ, ಕೆಲವರಿಗೆ ಇನ್ನೂ ಹೆಚ್ಚು, ಸುಳ್ಳು ಗೆರೆ ಬರುತ್ತದೆ. ಕಿಟ್ ಮನೆಯಲ್ಲೇ ಇರದ ಹಾಗೆ ನೋಡಿಕೊಳ್ಳಿ, ಹೇಳಿದ ದಿನ ರಕ್ತ ಕೊಡಿ.

ಖರ್ಚಿನಲ್ಲಿ ಸ್ಟ್ರಿಪ್ಪೇ ಅಗ್ಗ. ನನಗೆ ಇಂಜೆಕ್ಷನ್, ರಕ್ತಪರೀಕ್ಷೆ, ಒಂದು ಹೆಚ್ಚಿನ ಸ್ಕ್ಯಾನ್ ಸೇರಿ ಮೂರು ಸಾವಿರದ ಆಸುಪಾಸು ಹೆಚ್ಚಾಯಿತು. ಕಳೆದುಹೋದ ತಿಂಗಳಿನ ಓಡಾಟಕ್ಕೇ ಅಷ್ಟು ಖರ್ಚಾಗಿತ್ತು.

ಈ ಸಲ ನಿಂತಿದೆ, ಈಗ ಹತ್ತೊಂಬತ್ತನೇ ವಾರ, ಬಿಪಿ ಸರಿಯಾಗಿದೆ. ಇಂಜೆಕ್ಷನ್ನಿನಿಂದಲೇ ನಿಂತಿತು ಎನ್ನುವುದಿಲ್ಲ, ಎಂಬ್ರಿಯೋ ಗಟ್ಟಿಯಿದ್ದಿರಬೇಕು. ಇನ್ನೊಂದು ಮೈನಸ್ 196 ಡಿಗ್ರಿಯಲ್ಲಿ ಕಾಯುತ್ತಿದೆ. ಅದಕ್ಕೂ ಟ್ರಿಗರ್ರೇ, ಆದರೆ ಬೇಸಿಗೆ ರಜೆಯಲ್ಲಿ.