ಓಲ್ಡ್ ಬೇಲಿ ಆನ್‌ಲೈನ್: ಸುಧಾರಣಾ ಶಾಲೆಯ ಹುಡುಗರನ್ನು ಹುಡುಕುವವರಿಗೆ

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದು ಸುಧಾರಣಾ ಶಾಲೆ ಸೇರಿದ ಇಂಗ್ಲೆಂಡಿನ ಹುಡುಗರ ಬಗ್ಗೆ ತಿಳಿಯಬೇಕೆನ್ನುವವರಿಗೆ ನಾನು ಮೊದಲು ಹೇಳುವ ಜಾಲತಾಣ ಓಲ್ಡ್ ಬೇಲಿ ಆನ್‌ಲೈನ್. ಓಲ್ಡ್ ಬೇಲಿ ಎಂದರೆ ಲಂಡನ್ನಿನ ಮುಖ್ಯ ಕ್ರಿಮಿನಲ್ ನ್ಯಾಯಾಲಯ. ಅಲ್ಲಿ 1674ರಿಂದ 1913ರವರೆಗೆ ನಡೆದ ಸುಮಾರು 1,97,000 ವಿಚಾರಣೆಗಳ ವರದಿಗಳು ಇಲ್ಲಿ ಉಚಿತವಾಗಿ ಸಿಗುತ್ತವೆ. ಪಠ್ಯದ ಜೊತೆಗೆ ಮೂಲ ಪುಟದ ಚಿತ್ರವೂ ಇರುವುದರಿಂದ ಅನುಮಾನ ಬಂದ ಕಡೆ ತಾಳೆ ನೋಡಿಕೊಳ್ಳಬಹುದು.

1854ರ ನಂತರದ ವರ್ಷಗಳನ್ನು ಆರಿಸಿ, ಸುಧಾರಣಾ ಶಾಲೆಯ ಇಂಗ್ಲಿಷ್ ಹೆಸರಾದ ರಿಫಾರ್ಮೇಟರಿ ಎಂಬ ಪದವನ್ನು ಇಂಗ್ಲಿಷಿನಲ್ಲಿ ಕೊಟ್ಟು ಹುಡುಕಬೇಕು. ಸಿಗುವ ವರದಿಯಲ್ಲಿ ಹುಡುಗನ ಹೆಸರು ದೊಡ್ಡಕ್ಷರದಲ್ಲಿ, ಪಕ್ಕದ ಆವರಣದಲ್ಲಿ ವಯಸ್ಸು, ಕದ್ದ ವಸ್ತು, ಅದರ ಒಡೆಯನ ಹೆಸರು, ಕೊನೆಗೆ ಶಿಕ್ಷೆ. ತಪ್ಪೊಪ್ಪಿಕೊಂಡವನಾದರೆ ಇದೆಲ್ಲ ಎರಡು ಮೂರು ಸಾಲಿನಲ್ಲೇ ಮುಗಿದುಹೋಗುತ್ತದೆ. ಶಿಕ್ಷೆಯ ಸಾಲನ್ನು ಮಾತ್ರ ನಿಧಾನವಾಗಿ ಓದಬೇಕು. ಮೊದಲು ಕೆಲವು ದಿನ ಅಥವಾ ವಾರಗಳ ಸೆರೆವಾಸ, ಆಮೇಲೆ ವರ್ಷಗಟ್ಟಲೆ ಸುಧಾರಣಾ ಶಾಲೆ! 1854ರ ಕಾಯ್ದೆಯ ಪ್ರಕಾರ 16 ವರ್ಷದೊಳಗಿನ ಅಪರಾಧಿಯನ್ನು ಕನಿಷ್ಠ 14 ದಿನ ಜೈಲಿನಲ್ಲಿಟ್ಟ ಮೇಲಷ್ಟೇ ಎರಡರಿಂದ ಐದು ವರ್ಷದವರೆಗೆ ಇಂಥ ಶಾಲೆಗೆ ಕಳಿಸಬಹುದಿತ್ತು. ಮಕ್ಕಳನ್ನು ಜೈಲಿನಿಂದ ದೂರವಿಡಬೇಕೆಂದೇ ಶ್ರಮಿಸಿದ, 1866ರಲ್ಲಿ ಭಾರತಕ್ಕೂ ಬಂದಿದ್ದ ಮೇರಿ ಕಾರ್ಪೆಂಟರ್ ಮೊದಲು ಜೈಲು ಎಂಬ ಈ ಷರತ್ತನ್ನು ಒಪ್ಪಲಿಲ್ಲ. ಆದರೂ ಈ ಷರತ್ತು ಪೂರ್ತಿಯಾಗಿ ತೊಲಗಿದ್ದು 1899ರಲ್ಲಿ, ಆಕೆ ತೀರಿಕೊಂಡು 22 ವರ್ಷಗಳಾದ ಮೇಲೆ.

ಈ ಜಾಲತಾಣದ ದೊಡ್ಡ ಕೊರತೆಯನ್ನೂ ಹೇಳಲೇಬೇಕು. 1847 ಮತ್ತು 1850ರ ಕಾಯ್ದೆಗಳು ಬಂದ ಮೇಲೆ ಮಕ್ಕಳ ಸಣ್ಣಪುಟ್ಟ ಕಳ್ಳತನಗಳನ್ನು ಹೆಚ್ಚಾಗಿ ಕೆಳ ನ್ಯಾಯಾಲಯದ ಮ್ಯಾಜಿಸ್ಟ್ರೇಟರೇ ತೀರ್ಮಾನಿಸುತ್ತಿದ್ದರು. ಹಾಗಾಗಿ ಬಹುಪಾಲು ಹುಡುಗರು ಇಲ್ಲಿ ಸಿಗುವುದೇ ಇಲ್ಲ. ಸಿಕ್ಕವರ ಕತೆಯೂ ತೀರ್ಪಿಗೆ ನಿಂತುಹೋಗುತ್ತದೆ. ಅವನು ರೆಡ್‌ಹಿಲ್ಲಿನ ಕೃಷಿಶಾಲೆಯಲ್ಲಿ ಹೊಲ ಅಗೆದನೋ, ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ್ದ ಕಾರ್ನ್‌ವಾಲ್ ಎಂಬ ಹಡಗು-ಶಾಲೆಯಲ್ಲಿ ನಾವಿಕನ ಕೆಲಸ ಕಲಿತನೋ, ಅಲ್ಲಿ ಅವನಿಗೆ ಹೊಟ್ಟೆತುಂಬ ಊಟ ಸಿಕ್ಕಿತೋ ಇಲ್ಲವೋ, ಈ ಪುಟಗಳಿಂದ ತಿಳಿಯುವುದಿಲ್ಲ.

ಅದೇ ಹೆಸರನ್ನು ಹಿಡಿದು ಡಿಜಿಟಲ್ ಪನಾಪ್ಟಿಕಾನ್ ಎಂಬ ಇನ್ನೊಂದು ಉಚಿತ ಜಾಲತಾಣಕ್ಕೆ ಹೋದರೆ ಸ್ವಲ್ಪ ಮುಂದೆ ಸಾಗಬಹುದು. ಓಲ್ಡ್ ಬೇಲಿಯಲ್ಲಿ ಶಿಕ್ಷೆಯಾದ ಸುಮಾರು 90,000 ಜನರ 1780ರಿಂದ 1925ರವರೆಗಿನ ದಾಖಲೆಗಳನ್ನು ಅದು ಒಂದಕ್ಕೊಂದು ಜೋಡಿಸಿದೆ. ಆದರೆ ಆ ದಾಖಲೆಗಳು ಮುಖ್ಯವಾಗಿ ನ್ಯಾಯಾಲಯ ಮತ್ತು ಜೈಲಿನವು. ಮತ್ತೆ ಕದ್ದು ಸಿಕ್ಕಿಬಿದ್ದವನ ಬದುಕು ಉದ್ದಕ್ಕೂ ಕಾಣುತ್ತದೆ. ಶಾಲೆಯಿಂದ ಹೊರಬಂದು ದುಡಿದು ನೆಮ್ಮದಿಯಾಗಿ ಬಾಳಿದವನ ಸುಳಿವು ಸಿಗುವುದು ಕಷ್ಟ. ಇದನ್ನು ಮರೆತು ಓದಿದರೆ ಸುಧಾರಣಾ ಶಾಲೆಗೆ ಹೋದವರೆಲ್ಲ ಕೆಟ್ಟೇ ಹೋದರೆಂಬ ತಪ್ಪು ಅಭಿಪ್ರಾಯ ಮೂಡುತ್ತದೆ, ಮತ್ತು ಆ ಹುಡುಗರಿಗೆ ಅದು ದೊಡ್ಡ ಅನ್ಯಾಯ.

ಇಷ್ಟಿದ್ದರೂ ಎರಡನ್ನೂ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಹುಡುಗ ರೆಡ್‌ಹಿಲ್ಲಿಗೆ ಹೋದನೆಂದು ಗೊತ್ತಾದರೆ ಅಂತರ್ಜಾಲದಷ್ಟಕ್ಕೇ ತೃಪ್ತರಾಗಬೇಡಿ. ಆ ಶಾಲೆಯ ಕಡತಗಳು ವೋಕಿಂಗ್ ಪಟ್ಟಣದ ಸರ್ರೆ ಹಿಸ್ಟರಿ ಸೆಂಟರಿನಲ್ಲಿವೆ. ಆ ಶಾಲೆಯಿಂದ ಕೆನಡಾಕ್ಕೆ ಹೋದ ಹುಡುಗರೂ ಅನೇಕರಿರುವುದರಿಂದ, ಹುಡುಕಾಟವನ್ನು ಆ ದೇಶದ ದಾಖಲೆಗಳಿಗೂ ವಿಸ್ತರಿಸಬೇಕಾದೀತು.