ಮಲಗಿಸಿದ ಕೊಳವೆ, ನಿಲ್ಲಿಸಿದ ಕೊಳವೆ, ಚಪ್ಪಟೆ ಕಾಲುವೆ: ಗುಡಿಸುವುದಕ್ಕೆ ಸುಲಭವಾದ ಬಾಯ್ಲರ್ ಯಾವುದು?

ಕಟ್ಟಿಗೆ ಉರಿಸಿ, ನೀರು ಕಾಯಿಸಿ, ಆ ನೀರಿನಿಂದ ಮನೆ ಬೆಚ್ಚಗಿಡುವ ಬಾಯ್ಲರ್ ಮಾಡಿಸುವವರು, ಕೊಳ್ಳುವವರು ಎಲ್ಲರೂ ಮೊದಲು ವಿಚಾರಿಸುವುದು ದಕ್ಷತೆಯನ್ನು, ಅಂದರೆ ಕಟ್ಟಿಗೆಯ ಶಾಖದಲ್ಲಿ ಎಷ್ಟು ಪಾಲು ನೀರಿಗೆ ಸಿಗುತ್ತದೆ ಎಂಬುದನ್ನು. ಶೇ 85, ಶೇ 90 ಎಂಬ ಅಂಕಿಗಳು ಕೈಗೆ ಸಿಗುತ್ತವೆ. ಆದರೆ ಅವು ಒಳಮೈ ಶುಚಿಯಾಗಿರುವ ಬಾಯ್ಲರಿನ ಅಂಕಿಗಳು. ದಿನವೂ ಉರಿಯುವ ಬಾಯ್ಲರಿನ ಒಳಗೆ ಬೂದಿ ಕೂರುತ್ತದೆ, ಮಸಿ ಹತ್ತುತ್ತದೆ, ಹೊಗೆಯ ಜೊತೆ ಶಾಖವೂ ಚಿಮಣಿ ಸೇರುತ್ತದೆ. ಗುಡಿಸಿ ಒಂದು ವಾರವಾದ ಮೇಲೆ ಎಷ್ಟು ದಕ್ಷತೆ ಉಳಿದಿದೆ ಎನ್ನುವುದೇ ನನ್ನ ಲೆಕ್ಕದಲ್ಲಿ ಬಾಯ್ಲರಿನ ನಿಜವಾದ ದಕ್ಷತೆ. ಈ ಮಾನದಿಂದಲೇ ನಾನು ಮೂರು ಬಗೆಯ ಶಾಖ ವಿನಿಮಯಕಗಳನ್ನು (ಹೊಗೆಯ ಶಾಖವನ್ನು ನೀರಿಗೆ ದಾಟಿಸುವ ಭಾಗಗಳನ್ನು) ಒಂದೇ ಉರಿಗೂಡಿಗೆ ಜೋಡಿಸಿ, ಅದೇ ಒಣ ಕಟ್ಟಿಗೆ ಉರಿಸಿ ನೋಡಿದ್ದೇನೆ.

ಉರಿಗೂಡು ಮೂರಕ್ಕೂ ಒಂದೇ ಎಂದೆ. ಅದಕ್ಕೆ ಕಾರಣವಿದೆ. ಬೆಂಕಿಯ ಸುತ್ತಲೇ ನೀರಿನ ಗೋಡೆ ಕಟ್ಟಿದರೆ ಶಾಖವೆಲ್ಲ ನೇರವಾಗಿ ನೀರಿಗೆ ಸಿಗುತ್ತದೆ ಎಂದು ತೋರುತ್ತದೆ. ಆದರೆ ನೀರು ತಾಗಿರುವ ಉಕ್ಕಿನ ಗೋಡೆ ನೂರು ಡಿಗ್ರಿಯ ಆಚೀಚೆಗಿಂತ ಹೆಚ್ಚು ಬಿಸಿಯಾಗುವುದಿಲ್ಲ. ಕಟ್ಟಿಗೆಯಿಂದ ಹೊರಡುವ ಅನಿಲಗಳು ಪೂರ್ತಿ ಉರಿಯಬೇಕಾದರೆ 800 ಡಿಗ್ರಿಗೂ ಮೀರಿದ ಬಿಸಿ ಬೇಕು. ಜ್ವಾಲೆಯು ತಣ್ಣನೆಯ ಗೋಡೆಗೆ ತಾಗಿದಲ್ಲಿ ಅರೆಬರೆ ಉರಿದು ಮಸಿಯಾಗಿ ಅಲ್ಲೇ ಅಂಟಿಕೊಳ್ಳುತ್ತದೆ. ಆದ್ದರಿಂದ ಉರಿಯುವ ಜಾಗಕ್ಕೆ ಶಾಖ ತಡೆಯುವ ಇಟ್ಟಿಗೆಯ ಒಳಪದರ ಕೊಟ್ಟು, ಕಟ್ಟಿಗೆಗೆ ಬಿಡುವ ಗಾಳಿಯಲ್ಲದೆ, ಬಿಸಿಮಾಡಿದ ಇನ್ನೊಂದು ಗಾಳಿಯನ್ನು ಜ್ವಾಲೆಗೆ ಬಿಟ್ಟು, ಉರಿದು ಮುಗಿದ ಅನಿಲವನ್ನು ಮಾತ್ರ ನೀರಿನ ಕಡೆಗೆ ಕಳುಹಿಸಬೇಕು. ಉರಿಯುವ ಜಾಗ ಬೇರೆ, ಶಾಖ ಹೀರುವ ಜಾಗ ಬೇರೆ. ಈ ಒಂದು ವಿಂಗಡಣೆಯಿಂದಲೇ ಗುಡಿಸುವ ಕೆಲಸ ಅರ್ಧಕ್ಕಿಳಿಯುತ್ತದೆ: ಕೊಳವೆಗಳಲ್ಲಿ ಸಿಗುವುದು ಹೊಳೆಯುವ ಕಪ್ಪು ಅಂಟಲ್ಲ, ಬೆರಳು ತಾಗಿದರೆ ಉದುರುವ ಬೂದುಬಣ್ಣದ ಪುಡಿ.

ಇನ್ನು ಮಸಿಯ ಲೆಕ್ಕ. ಉಕ್ಕಿನ ಮೂಲಕ ಶಾಖ ಹರಿಯುವುದಕ್ಕೆ ಹೋಲಿಸಿದರೆ ಸಡಿಲವಾದ ಮಸಿಯ ಮೂಲಕ ಹರಿಯುವುದು ಸುಮಾರು ಐನೂರರಲ್ಲಿ ಒಂದು ಪಾಲು. ಅಂದರೆ ಒಂದು ಮಿಲಿಮೀಟರ್ ಮಸಿಯು ಅರ್ಧ ಮೀಟರ್ ದಪ್ಪದ ಉಕ್ಕಿನಷ್ಟು ತಡೆ ಒಡ್ಡುತ್ತದೆ. ಬಿಸಿ ಅನಿಲದಿಂದ ಲೋಹದ ಮೈಗೆ ಶಾಖ ದಾಟುವುದೇ ಇಡೀ ದಾರಿಯ ಅತಿ ಕಷ್ಟದ ಘಟ್ಟ. ಆ ತಡೆಯ ಮುಂದೆ ಐದು ಮಿಲಿಮೀಟರ್ ಉಕ್ಕಿನ ತಡೆ ಲೆಕ್ಕಕ್ಕೇ ಇಲ್ಲ. ಆದರೆ ಒಂದು ಮಿಲಿಮೀಟರ್ ಮಸಿ ಆ ಕಷ್ಟವನ್ನು ಇನ್ನೂ ಮೂರನೇ ಒಂದರಷ್ಟು ಹೆಚ್ಚಿಸಿಬಿಡುತ್ತದೆ. ತಾಮ್ರ ಹಾಕಿದರೆ ಚೆನ್ನ, ತೆಳ್ಳಗಿನ ತಗಡಾದರೆ ಚೆನ್ನ ಎಂದು ವಾದಿಸುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು. ದಪ್ಪ ಉಕ್ಕು ಹಾಕಿ, ಬ್ರಷ್ ಸಲೀಸಾಗಿ ಹೋಗುವಂತೆ ದಾರಿ ಬಿಡಿ. ಲಾಭ ಅಲ್ಲಿದೆ.

ತೀರ್ಪು ಹೇಳಲು ನನಗಿದ್ದ ಸಾಧನ ಒಂದೇ: ಬಾಯ್ಲರಿನಿಂದ ಹೊಗೆ ಹೊರಬೀಳುವ ಕಡೆ ಕೂರಿಸಿದ ಥರ್ಮಾಮೀಟರ್. ಅಲ್ಲಿನ ತಾಪಮಾನ ಸುಮಾರು 20 ಡಿಗ್ರಿ ಏರಿದರೆ ದಕ್ಷತೆ ಶೇ 1ರಷ್ಟೋ ಅದಕ್ಕಿಂತ ತುಸು ಹೆಚ್ಚೋ ಇಳಿದಿದೆ ಎಂದು ತಿಳಿಯಬಹುದು. ಮೂರೂ ವಿನಿಮಯಕಗಳು ಶುಚಿಯಾಗಿದ್ದಾಗ 160ರಿಂದ 180ರ ನಡುವೆಯೇ ಇದ್ದವು. ವ್ಯತ್ಯಾಸ ಕಂಡದ್ದು ಆಮೇಲೆ.

ಮೊದಲನೆಯದು ಚಪ್ಪಟೆ ಕಾಲುವೆ. ನೀರು ತುಂಬಿದ ಚಪ್ಪಟೆ ಪೆಟ್ಟಿಗೆಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ನಡುವೆ ಮೂವತ್ತು ಮಿಲಿಮೀಟರ್ ಸಂದು ಬಿಟ್ಟು, ಆ ಸಂದಿನಲ್ಲಿ ಹೊಗೆಯನ್ನು ಓಡಿಸುವ ವಿನ್ಯಾಸ ಇದು. ಕೊಳವೆ ಬಗ್ಗಿಸುವ, ತೂತು ಕೊರೆಯುವ ಗೋಜಿಲ್ಲ. ಉಕ್ಕಿನ ಹಾಳೆ ಮತ್ತು ವೆಲ್ಡಿಂಗ್ ಇದ್ದರೆ ಸಾಕು. ಉದ್ದ ಹಿಡಿಯ ಚಪ್ಪಟೆ ಕೆರೆಯುವ ಸಲಾಕೆಯನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಅಗಲವಾದ ಪಟ್ಟಿಯೊಂದು ಒಂದೇ ಬೀಸಿಗೆ ಶುಚಿಯಾಗುತ್ತದೆ. ಈ ಸುಖ ಕೊಳವೆಗಳಲ್ಲಿ ಇಲ್ಲ. ಆದರೆ ಮೂಲೆಗಳು ಕೈಗೆ ಸಿಗುವುದಿಲ್ಲ. ಎರಡು ಹಾಳೆ ಸೇರುವ ಒಳಮೂಲೆಗೆ ಸಲಾಕೆಯ ಅಂಚು ತಲುಪದು. ವೆಲ್ಡಿಂಗಿನ ಗಂಟು ಒಳಗೆ ಉಬ್ಬಿದ್ದರೆ ಸಲಾಕೆ ಪ್ರತಿ ಸಲವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮಸಿ ಅಲ್ಲಿಂದಲೇ ಬೆಳೆಯಲು ಶುರುವಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ನೀರಿನ ಒತ್ತಡದ್ದು. ಒಂದೂವರೆ ಬಾರ್ ಒತ್ತಡ ಎಂದರೆ ಅಲ್ಪ ಎನಿಸುತ್ತದೆ. ಐವತ್ತು ಸೆಂಟಿಮೀಟರ್ ಉದ್ದಗಲದ ಹಾಳೆಯೊಂದರ ಮೇಲೆ ಅದು ಹೆಚ್ಚುಕಡಿಮೆ 3,800 ಕೆ.ಜಿ. ಭಾರ ಹೇರಿದಂತೆ. ಚಪ್ಪಟೆ ಹಾಳೆ ಆ ಭಾರಕ್ಕೆ ಉಬ್ಬುತ್ತದೆ, ಉಬ್ಬಿದರೆ ಸಂದು ಕಿರಿದಾಗುತ್ತದೆ. ಹಾಗಾಗದಂತೆ ಎರಡು ಹಾಳೆಗಳ ನಡುವೆ, ನೀರಿನ ಒಳಗೇ, ಸಾಲಾಗಿ ಅಡ್ಡ ಬೋಲ್ಟುಗಳನ್ನು ಬೆಸೆಯಬೇಕು. ಇವು ಹೊಗೆಯ ದಾರಿಗೆ ಅಡ್ಡಬರುವುದಿಲ್ಲ ನಿಜ. ಒಂದೊಂದು ಬೋಲ್ಟೂ ಮುಂದೊಂದು ದಿನ ಸೋರಬಹುದಾದ ಎರಡು ಬೆಸುಗೆಗಳನ್ನು ಹೆಚ್ಚಿಸುತ್ತದೆ ಎನ್ನುವುದೂ ನಿಜ. ದುಂಡನೆಯ ಕೊಳವೆಗೆ ಇಂಥ ಯಾವ ಆಸರೆಯೂ ಬೇಡ. ವಾರದ ಕೊನೆಗೆ ಥರ್ಮಾಮೀಟರ್ 210ರ ಹತ್ತಿರ ಇತ್ತು. ಪರವಾಗಿಲ್ಲ ಎನ್ನಬಹುದು, ಅಷ್ಟೇ.

ಮಲಗಿಸಿದ ಕೊಳವೆಗಳದು ಹಳೆಯ ಕಾಲದ, ಪರಿಚಿತ ವಿನ್ಯಾಸ. ನೀರಿನ ಪೆಟ್ಟಿಗೆಯ ಮೂಲಕ ಐವತ್ತು ಮಿಲಿಮೀಟರ್ ಕೊಳವೆಗಳು ಅಡ್ಡಲಾಗಿ ಹಾಯುತ್ತವೆ, ಅವುಗಳೊಳಗೆ ಹೊಗೆ ಹರಿಯುತ್ತದೆ. ಮುಂದಿನ ಬಾಗಿಲು ತೆರೆದರೆ ಎಲ್ಲ ಕೊಳವೆಗಳ ಬಾಯಿ ಕಣ್ಣಿನ ಮಟ್ಟದಲ್ಲಿ ಸಾಲಾಗಿ ಕಾಣುತ್ತದೆ. ಟಾರ್ಚ್ ಹಿಡಿದರೆ ಆಚೆ ತುದಿಯವರೆಗೂ ನೋಟ ಹೋಗುತ್ತದೆ. ತಪಾಸಣೆಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ನಾನು ಕಂಡಿಲ್ಲ.

ಅದರ ಸಂಕಟವೂ ಆ ಟಾರ್ಚಿನ ಬೆಳಕಿನಲ್ಲೇ ಕಾಣಿಸುತ್ತದೆ. ಕೊಳವೆಯ ಮೇಲರ್ಧ ತೆಳುವಾಗಿ ಬೂದಿ ಹಿಡಿದಿದ್ದರೆ, ಕೆಳಭಾಗದಲ್ಲಿ ಒಣಗಿದ ಹಳ್ಳದ ತಳದ ಹೂಳಿನಂತೆ ಬೂದಿ ಹಾಸಿಕೊಂಡಿರುತ್ತದೆ. ಬೂದಿಗೆ ಬೀಳಲು ಬೇರೆ ಜಾಗವೇ ಇಲ್ಲ. ಹಾಸು ಬೆಳೆದಂತೆ ಕೊಳವೆಯ ಮೂರನೇ ಒಂದು ಭಾಗದ ಮೈ ಶಾಖ ಹೀರುವ ಕೆಲಸವನ್ನೇ ನಿಲ್ಲಿಸುತ್ತದೆ. ಬ್ರಷ್ ತಳ್ಳಿದಾಗ ಆ ಬೂದಿಯೆಲ್ಲ ಹಿಂದಿನ ಹೊಗೆಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಆ ಪೆಟ್ಟಿಗೆ ಗೋಡೆಗೆ ಆತುಕೊಂಡಿದ್ದರೆ, ಅದಕ್ಕೆ ಸ್ವಂತ ಬಾಗಿಲಿಲ್ಲದಿದ್ದರೆ, ಕೊಳವೆ ಗುಡಿಸಿದಷ್ಟೂ ಹೊಗೆ ಹೊರಹೋಗುವ ಬಾಯಿಯೇ ಮುಚ್ಚುತ್ತಾ ಹೋಗುತ್ತದೆ. ಬಾಯ್ಲರಿನ ಮುಂದೆ ಕೊಳವೆಯ ಉದ್ದಕ್ಕಿಂತ ಹೆಚ್ಚು ಖಾಲಿ ಜಾಗವೂ ಬೇಕು, ಇಲ್ಲವಾದರೆ ಬ್ರಷ್ ಒಳಗೇ ಹೋಗದು. ವಾರದ ಕೊನೆಗೆ ಮೂರರಲ್ಲೂ ಅತಿ ಹೆಚ್ಚು ಏರಿದ್ದು ಇದೇ: 230ರ ಆಸುಪಾಸು. ಅಂದರೆ ಶುಚಿಯಾಗಿದ್ದಾಗಿನದಕ್ಕಿಂತ ಶೇ 3ಕ್ಕೂ ಹೆಚ್ಚು ಶಾಖ ಚಿಮಣಿ ಪಾಲು.

ಮೂರನೆಯದು ನಿಲ್ಲಿಸಿದ ಕೊಳವೆಗಳು. ಉರಿಗೂಡಿನಿಂದ ಹೊರಟ ಹೊಗೆ ಹಿಂದಿನ ಬೂದಿಗುಂಡಿಯ ಮೇಲೆ ಹಾದು, ನೆಟ್ಟಗೆ ನಿಂತ ಕೊಳವೆಗಳ ಮೂಲಕ ಮೇಲೇರಿ, ಮೇಲಿನ ಪೆಟ್ಟಿಗೆಯಿಂದ ಚಿಮಣಿಗೆ ಹೋಗುತ್ತದೆ. ಕೊಳವೆಯಲ್ಲಿ ಸಡಿಲವಾದದ್ದೆಲ್ಲ ತಾನಾಗಿ ಗುಂಡಿಗೆ ಬೀಳುತ್ತದೆ. ಪ್ರತಿ ಕೊಳವೆಯೊಳಗೂ ತಿರುಚಿದ ಉಕ್ಕಿನ ಸುರುಳಿ ಪಟ್ಟಿಯೊಂದನ್ನು ಇಳಿಬಿಟ್ಟು, ಎಲ್ಲ ಪಟ್ಟಿಗಳನ್ನೂ ಮೇಲಿನ ಒಂದೇ ಅಡ್ಡಸರಳಿಗೆ ತೂಗುಹಾಕಿ, ಆ ಸರಳನ್ನು ಹೊರಗಿನ ಸನ್ನೆಕೋಲಿಗೆ ಜೋಡಿಸಬೇಕು. ಸುರುಳಿ ಪಟ್ಟಿಯ ಮೊದಲ ಕೆಲಸ ಹೊಗೆಯನ್ನು ಗಿರಕಿ ಹೊಡೆಸಿ, ಗೋಡೆಗೆ ಅಂಟಿ ನಿಂತ ತಣ್ಣನೆಯ ಅನಿಲದ ಪದರವನ್ನು ಒಡೆಯುವುದು. ಎರಡನೆಯದು ಗುಡಿಸುವುದು. ಸನ್ನೆಕೋಲನ್ನು ಮೇಲೆ ಕೆಳಗೆ ಆಡಿಸಿದರೆ ಪಟ್ಟಿಗಳ ಅಂಚು ಕೊಳವೆಯ ಒಳಮೈಯನ್ನು ಕೆರೆಯುತ್ತದೆ.

ಬೆಂಕಿ ಹಾಕುವ ಮುನ್ನ ಸನ್ನೆಕೋಲನ್ನು ಎಂಟು ಹತ್ತು ಬಾರಿ ಜಗ್ಗುವುದು ರೂಢಿಯಾದರೆ ಸಾಕು. ಉಕ್ಕು ಉಕ್ಕಿಗೆ ಉಜ್ಜುವ ಗರಗರ ಸದ್ದು ಮೊದಲೆರಡು ಎಳೆತಕ್ಕೆ ಮಂದವಾಗಿರುತ್ತದೆ. ಬೂದಿ ಉದುರಿದಂತೆ ಸದ್ದು ತಿಳಿಯಾಗುತ್ತದೆ, ಕೆಳಗಿನ ಗುಂಡಿಯಲ್ಲಿ ಪುಡಿ ಬೀಳುವ ಸರಸರ ಕೇಳಿಸುತ್ತದೆ. ಉರಿ ನಡೆಯುತ್ತಿರುವಾಗಲೇ ಜಗ್ಗಿದರೆ ಥರ್ಮಾಮೀಟರಿನ ಮುಳ್ಳು ಕೆಲವೇ ನಿಮಿಷಗಳಲ್ಲಿ ಹತ್ತಾರು ಡಿಗ್ರಿ ಕೆಳಗಿಳಿಯುವುದು ಕಣ್ಣಿಗೇ ಕಾಣುತ್ತದೆ. ಬಾಗಿಲು ತೆರೆಯಬೇಕಿಲ್ಲ, ಬಟ್ಟೆ ಮಸಿಯಾಗುವುದಿಲ್ಲ. ವಾರದ ಕೊನೆಗೂ 185 ಮೀರಲಿಲ್ಲ. ನನಗೆ ಈ ವಿನ್ಯಾಸದ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ: ದಿನನಿತ್ಯ ಮಾಡಬೇಕಾದ ಕೆಲಸವನ್ನು ಇದು ದಿನನಿತ್ಯ ಮಾಡಬಹುದಾದಷ್ಟು ಹಗುರಗೊಳಿಸಿದೆ.

ಹಾಗೆಂದು ಇದು ನಿರ್ದೋಷಿಯಲ್ಲ. ಮೇಲಿನ ಮುಚ್ಚಳ ತೆರೆದು ವರ್ಷಕ್ಕೊಮ್ಮೆಯಾದರೂ ಪಟ್ಟಿಗಳನ್ನು ಹೊರಗೆಳೆಯಬೇಕು, ಅದಕ್ಕೆ ಬಾಯ್ಲರಿನ ಮೇಲೆ ಕೊಳವೆಯಷ್ಟೇ ಎತ್ತರದ ತೆರವು ಬೇಕು. ನೀರಿನ ಕಡೆ ಮೇಲಿನ ಹಾಳೆಯ ಅಡಿಯಲ್ಲಿ ಗಾಳಿ ಗುಳ್ಳೆ ಸೇರಿಕೊಂಡರೆ ಅಲ್ಲಿ ನೀರು ತಾಗದೆ ಹಾಳೆ ಅತಿಯಾಗಿ ಕಾಯುತ್ತದೆ. ಅತ್ಯಂತ ಎತ್ತರದ ಬಿಂದುವಿನಲ್ಲಿ ಗಾಳಿ ಬಿಡುವ ವಾಲ್ವ್ ಇರಲೇಬೇಕು. ಮುಚ್ಚಳದ ಗ್ಯಾಸ್ಕೆಟ್ ಬಿಗಿಯಾಗಿರಬೇಕು. ಫ್ಯಾನ್ ಹಾಕುವುದಾದರೆ ಹೊಗೆ ಹೊರಬೀಳುವ ಕಡೆ, ಎಳೆಯುವಂತೆ ಹಾಕಿ. ಆಗ ಸಂದಿದ್ದರೆ ಹೊರಗಿನ ಗಾಳಿ ಒಳಬರುತ್ತದೆ. ತಳ್ಳುವ ಫ್ಯಾನ್ ಆದರೆ ಅದೇ ಸಂದಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೋಣೆಗೆ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಕೊಳವೆಯೊಳಗೆ ನೀರು, ಹೊರಗೆ ಹೊಗೆ ಎಂಬ ವಿನ್ಯಾಸವೂ ಒಂದಿದೆ. ಮನೆಯ ಕಟ್ಟಿಗೆ ಬಾಯ್ಲರಿಗೆ ಅದು ಬೇಡ. ಕೊಳವೆಗಳ ಬೆನ್ನಿಗೆ ಕೂತ ಮಸಿಯನ್ನು ಯಾವ ಬ್ರಷ್ಷೂ ಸುತ್ತಿ ತಲುಪದು.

ಕೊಳವೆಯ ಅಗಲದ ಬಗ್ಗೆ ಆಸೆಬುರುಕತನ ಸಲ್ಲದು. ಸಣ್ಣ ಕೊಳವೆಗಳನ್ನು ಹೆಚ್ಚು ಹಾಕಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಮೈ ಸಿಗುತ್ತದೆ, ಶುಚಿಯಾಗಿದ್ದಾಗ ಶಾಖವೂ ಚೆನ್ನಾಗಿ ಹೀರಲ್ಪಡುತ್ತದೆ. ಸುತ್ತಲೂ ಎರಡು ಮಿಲಿಮೀಟರ್ ಬೂದಿ ಕೂತಿತು ಎಂದಿಟ್ಟುಕೊಳ್ಳಿ. ಐವತ್ತರ ಕೊಳವೆ ನಲವತ್ತಾರಕ್ಕೆ ಇಳಿಯುತ್ತದೆ, ದಾರಿಯ ಶೇ 15ರಷ್ಟು ಮಾತ್ರ ಹೋಗುತ್ತದೆ. ಇಪ್ಪತ್ತೈದರ ಕೊಳವೆ ಇಪ್ಪತ್ತೊಂದಕ್ಕೆ ಇಳಿದು ಶೇ 29ರಷ್ಟು ದಾರಿ ಕಳೆದುಕೊಳ್ಳುತ್ತದೆ, ಅಷ್ಟೇ ಹೊಗೆ ಹರಿಯಲು ಬೇಕಾದ ಎಳೆತ ಇಮ್ಮಡಿಯಾಗುತ್ತದೆ. ಬರೀ ಚಿಮಣಿಯ ಸೆಳೆತದ ಮೇಲೆ ನಡೆಯುವ ಬಾಯ್ಲರ್ ಆ ಹೊತ್ತಿಗೆ ಬಾಗಿಲಿನಿಂದ ಹೊಗೆ ಕಾರುತ್ತದೆ. ಕಟ್ಟಿಗೆಗೆ ಐವತ್ತಕ್ಕಿಂತ ಕಿರಿದು ಬೇಡ ಎಂಬುದು ನನ್ನ ನಿಲುವು.

ಯಾವ ವಿನ್ಯಾಸವನ್ನೇ ಆರಿಸಿದರೂ ಎರಡು ಸಂಗತಿಗಳು ಸರಿಯಿಲ್ಲದಿದ್ದರೆ ಗುಡಿಸುವ ಕೆಲಸ ಮುಗಿಯುವುದೇ ಇಲ್ಲ. ಮೊದಲನೆಯದು, ಕೋಣೆಗಳನ್ನು ಬಿಸಿನೀರಿನಿಂದ ಬೆಚ್ಚಗಿಡುವ ರೇಡಿಯೇಟರುಗಳಿಂದ ಬಾಯ್ಲರಿಗೆ ಮರಳುವ ನೀರಿನ ತಾಪಮಾನ. ಅದು 55ರಿಂದ 60 ಡಿಗ್ರಿಗಿಂತ ತಣ್ಣಗಿದ್ದರೆ ಹೊಗೆಯಲ್ಲಿನ ನೀರಾವಿ ಕೊಳವೆಯ ಮೈಮೇಲೆ ಬೆವರಿನಂತೆ ಇಳಿಯುತ್ತದೆ, ಬೂದಿ ಅದರಲ್ಲಿ ಕಲಸಿ ಗಟ್ಟಿಯಾಗುತ್ತದೆ, ಉಕ್ಕನ್ನೂ ತಿನ್ನುತ್ತದೆ. ಬಾಯ್ಲರಿನಿಂದ ಹೊರಟ ಬಿಸಿನೀರಿನಲ್ಲಿ ಸ್ವಲ್ಪವನ್ನು ಮರಳುವ ನೀರಿಗೆ ತಾನಾಗಿ ಬೆರೆಸುವ ಥರ್ಮೋಸ್ಟಾಟಿಕ್ ವಾಲ್ವ್ ಇದಕ್ಕೆ ಮದ್ದು. ಎರಡನೆಯದು ಶಾಖ ಸಂಗ್ರಹಿಸುವ ನೀರಿನ ತೊಟ್ಟಿ. ಶೇ 20ಕ್ಕಿಂತ ಕಡಿಮೆ ತೇವವಿರುವ 15 ಕೆ.ಜಿ. ಕಟ್ಟಿಗೆಯಲ್ಲಿ ಹೆಚ್ಚುಕಡಿಮೆ 60 ಕಿಲೋವ್ಯಾಟ್-ಗಂಟೆ ಶಾಖವಿದೆ. ಅದರಲ್ಲಿ 46 ಕಿಲೋವ್ಯಾಟ್-ಗಂಟೆಯಷ್ಟು 1,000 ಲೀಟರ್ ನೀರನ್ನು 40 ಡಿಗ್ರಿ ಏರಿಸಲು ಸಾಕು. ತೊಟ್ಟಿಯಿದ್ದರೆ ಬೆಂಕಿಯನ್ನು ಪೂರ್ಣ ರಭಸದಲ್ಲಿ ಉರಿಸಿ ಮುಗಿಸಬಹುದು. ಇಲ್ಲದವರು ಮನೆ ಬಿಸಿಯಾಯಿತೆಂದು ಗಾಳಿ ಮುಚ್ಚುತ್ತಾರೆ, ಬೆಂಕಿ ಒಳಗೊಳಗೇ ಹೊಗೆಯಾಡುತ್ತದೆ, ಮಾರನೇ ದಿನ ಕೊಳವೆಯ ತುಂಬ ಡಾಂಬರಿನಂತಹ ಅಂಟು. ಅದನ್ನು ಸನ್ನೆಕೋಲೂ ಕೆರೆಯಲಾರದು.

ಸುರಕ್ಷತೆಯ ಮಾತು ಇಲ್ಲಿ ಬಿಡುವಂತಿಲ್ಲ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,670 ಲೀಟರ್ ಜಾಗ ಬೇಡುತ್ತದೆ. ಒತ್ತಡ ಬಿಡುವ ವಾಲ್ವ್ ಇಲ್ಲದೆ, ಹಿಗ್ಗುವ ನೀರಿಗೆ ತೊಟ್ಟಿ ಇಲ್ಲದೆ ಯಾವ ಬಾಯ್ಲರಿಗೂ ಬೆಂಕಿ ಹಾಕಬಾರದು. ವಾಲ್ವಿಗೂ ಬಾಯ್ಲರಿಗೂ ನಡುವೆ ಮುಚ್ಚುವ ನಲ್ಲಿ ಕೂಡದು. ಬೆಸುಗೆಯನ್ನು ಅನುಭವಿಯ ಕೈಲೇ ಮಾಡಿಸಿ, ತಣ್ಣೀರು ತುಂಬಿಸಿ, ನಡೆಸುವ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ಪರೀಕ್ಷಿಸಿದ ನಂತರವೇ ಬೆಂಕಿ.

ಹಾಗಾಗಿ ಎತ್ತರವಿರುವ ಕೋಣೆಗೆ ನಿಲ್ಲಿಸಿದ ಕೊಳವೆ, ಸುರುಳಿ ಪಟ್ಟಿ, ಸನ್ನೆಕೋಲು. ಎರಡನೇ ಯೋಚನೆಯೇ ಬೇಡ. ಚಾವಣಿ ತಗ್ಗಾಗಿದ್ದರೆ ಮಲಗಿಸಿದ ಕೊಳವೆಗೆ ಹೋಗಿ. ಆದರೆ ಅದನ್ನು ಗೋಡೆಯಿಂದ ಒಬ್ಬರು ಬಗ್ಗಿ ಕೂರುವಷ್ಟು ದೂರ ಇರಿಸಿ, ಹಿಂದಿನ ಹೊಗೆಪೆಟ್ಟಿಗೆಗೆ ಅಗಲವಾದ ಬಾಗಿಲು ಕೊಡಿಸಿ, ಥರ್ಮಾಮೀಟರ್ 200 ದಾಟಿದ ದಿನವೇ ಬ್ರಷ್ ಹಿಡಿಯಿರಿ. ಚಪ್ಪಟೆ ಕಾಲುವೆಯನ್ನು ಕೊಳವೆ ಸಿಗದ ಕಡೆ ಮಾತ್ರ ಮಾಡಿಸಿ, ಒಳಬದಿಯ ವೆಲ್ಡಿಂಗ್ ಗಂಟುಗಳನ್ನು ಪೆಟ್ಟಿಗೆ ಮುಚ್ಚುವ ಮುನ್ನವೇ ಉಜ್ಜಿ ಸಮಮಾಡಿಸಿಕೊಳ್ಳಿ.