ನೇತಿ ಗಿಂಡಿ ಕೊಳ್ಳುವಾಗ ಮೂತಿ ನೋಡಿ, ಲೋಹದ ಹೊಳಪನ್ನಲ್ಲ

ಒಂದು ಹೊಳ್ಳೆಗೆ ಉಪ್ಪುನೀರು ಹೊಯ್ದು ಇನ್ನೊಂದರಿಂದ ಇಳಿಸಿ ಮೂಗು ತೊಳೆಯುವ ಯೋಗಕ್ರಿಯೆಯೇ ಜಲನೇತಿ. ಯೋಗ ಸಾಮಗ್ರಿಯ ಅಂಗಡಿಯಲ್ಲಿ ಅದಕ್ಕೆ ಗಿಂಡಿ ಕೊಡಿ ಎಂದರೆ ಮೊದಲು ಕೌಂಟರಿನ ಮೇಲೆ ಬಂದು ಕೂರುವುದು ತಾಮ್ರದ್ದು. ನೋಡಲು ಚೆಂದ, ಬೆಲೆಯೂ ಸಾಮಾನ್ಯವಾಗಿ ಉಳಿದವಕ್ಕಿಂತ ಹೆಚ್ಚು. ಸ್ಟೀಲು, ಪ್ಲಾಸ್ಟಿಕ್, ಪಿಂಗಾಣಿ, ತಾಮ್ರ ಎಂಬ ನಾಲ್ಕು ಬಗೆಯಲ್ಲಿ ಈ ಕೆಲಸಕ್ಕೆ ತೀರಾ ಹೊಂದದ್ದು ಮಾತ್ರ ಅದೇ. ಪ್ರಕೃತಿ ಚಿಕಿತ್ಸೆಯವರು ತಾಮ್ರ ಬೇಡವೆನ್ನುವುದೇ ಎಂದು ಹುಬ್ಬೇರಿಸಬೇಕಿಲ್ಲ. ನೇತಿಯಲ್ಲಿ ಕೆಲಸ ಮಾಡುವುದು ನೀರು ಮತ್ತು ಉಪ್ಪು, ಪಾತ್ರೆಯಲ್ಲ.

ತಾಮ್ರದ ಪಾತ್ರೆಯಲ್ಲಿ ಇಟ್ಟ ನೀರಿನಲ್ಲಿ ಬ್ಯಾಕ್ಟೀರಿಯಾ ಸಾಯುವುದು ನಿಜ, ಆದರೆ ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ನೇತಿಯ ನೀರು ಗಿಂಡಿಯಲ್ಲಿ ನಿಲ್ಲುವುದು ಐದು ನಿಮಿಷವೂ ಇಲ್ಲ. ಅಂದರೆ ಲಾಭ ಸೊನ್ನೆ. ನಷ್ಟ ಬೇರೆ ಕಡೆ ಇದೆ. ಉಪ್ಪಿನಲ್ಲಿರುವ ಕ್ಲೋರೈಡ್ ತಾಮ್ರವನ್ನು ತಿನ್ನುತ್ತದೆ, ಹಸಿರು ಕಿಲುಬು ಹಿಡಿಯುತ್ತದೆ. ಹೊಟ್ಟೆಯ ಭಾಗವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಬಹುದು, ಆದರೆ ಮೂತಿಯ ಒಳಗೆ ಬೆರಳು ಹೋಗುವುದಿಲ್ಲ. ಕಿಲುಬು ಕೂರುವುದೂ ಅಲ್ಲೇ, ಮೂಗಿಗೆ ಹೋಗುವ ನೀರು ಹಾಯುವುದೂ ಅಲ್ಲೇ. ಪಾತ್ರೆ ಬೆಳಗುವ ಪುಡಿ ಬಳಸಿದರೆ ಅದರ ಚೂರು ಮೂತಿಯ ಬುಡದಲ್ಲಿ ಉಳಿದು ಮರುದಿನ ಮೂಗು ಉರಿಸುತ್ತದೆ. ಅಗ್ಗದ ತಾಮ್ರ, ಹಿತ್ತಾಳೆಯ ಗಿಂಡಿಗಳಲ್ಲಿ ಮೂತಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಆ ಬೆಸುಗೆಯಲ್ಲಿ ಸೀಸ ಇದೆಯೋ ಇಲ್ಲವೋ ಎಂದು ಹೊರಗಿನಿಂದ ನೋಡಿ ಹೇಳುವಂತಿಲ್ಲ. ಮನೆಯಲ್ಲಿ ಈಗಾಗಲೇ ತಾಮ್ರದ್ದಿದ್ದರೆ ದೇವರ ಕೋಣೆಯಲ್ಲಿ ಇಡಿ, ಅಲ್ಲಿ ಉಪ್ಪಿನ ಸಂಗತಿಯಿಲ್ಲ.

ಹಾಗಾದರೆ ಕೊಳ್ಳಬೇಕಾದದ್ದು? ಅರ್ಧ ಲೀಟರಿನ ಸ್ಟೀಲ್ ಗಿಂಡಿ. ಕುದಿಯುವ ನೀರಿನಲ್ಲಿ ಮುಳುಗಿಸಿ ಶುದ್ಧ ಮಾಡಬಹುದು, ಬಿದ್ದರೆ ಒಡೆಯುವುದಿಲ್ಲ. 304 ದರ್ಜೆಯದು ಸಿಕ್ಕರೆ ಉತ್ತಮ. ಅಂಗಡಿಯವರು ಅಯಸ್ಕಾಂತ ತಾಗಿಸಿ, ‘ನೋಡಿ, ಅಂಟುವುದಿಲ್ಲ, ಒಳ್ಳೆಯ ಸ್ಟೀಲು’ ಎಂದರೆ ಅದನ್ನೇ ಪುರಾವೆ ಎಂದುಕೊಳ್ಳಬೇಡಿ. ಅಗ್ಗದ 202 ದರ್ಜೆಯ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ಉಪ್ಪುನೀರು ತಾಗಿದಾಗ ಬೇಗ ಚುಕ್ಕೆ ಬೀಳುವುದು ಆ ಅಗ್ಗದ ದರ್ಜೆಗೇ, ಅದರಲ್ಲೂ ಮೂತಿ ಕೂಡಿದ ಜಾಗದಲ್ಲಿ. ಕಂದು ಚುಕ್ಕೆ ಕಂಡು, ತೊಳೆದರೂ ಹೋಗದಿದ್ದರೆ ಆ ಗಿಂಡಿಯ ಆಯಸ್ಸು ಮುಗಿಯಿತು. ಸ್ಟೀಲಿನ ಒಂದೇ ಕೊರತೆಯೆಂದರೆ ಒಳಗೆ ನೀರೆಷ್ಟು ಉಳಿದಿದೆ ಎಂದು ಕಾಣದು.

ಪಿಂಗಾಣಿಯದರ ಮೂತಿ ಎಲ್ಲಕ್ಕಿಂತ ನುಣುಪು, ಮೂಗಿಗೆ ಹಿತ. ಆದರೆ ಭಾರ, ಒದ್ದೆ ಕೈಯಿಂದ ಸಿಂಕಿಗೆ ಜಾರಿ ಬಿದ್ದರೆ ಮೂತಿಯ ತುದಿಯೇ ಮೊದಲು ಚಕ್ಕೆ ಏಳುತ್ತದೆ. ಚಕ್ಕೆ ಎದ್ದದ್ದನ್ನು ಮತ್ತೆ ಮೂಗಿಗೆ ಇಡುವಂತಿಲ್ಲ. ಇನ್ನೊಂದು, ತಣ್ಣಗಿರುವ ಪಿಂಗಾಣಿ ನೀರಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಹದವಾಗಿದ್ದ ನೀರು ಹೊಯ್ದ ಕೂಡಲೇ ತಣ್ಣಗಾಗಿ ಮೂಗು ಚುರುಗುಟ್ಟುತ್ತದೆ. ಮೊದಲು ಒಂದು ಲೋಟ ಕುದಿಸಿದ ಬಿಸಿನೀರು ಹಾಕಿ ಗಿಂಡಿಯನ್ನು ಬೆಚ್ಚಗೆ ಮಾಡಿ ಚೆಲ್ಲಿ, ಆಮೇಲೆ ಉಪ್ಪುನೀರು ತುಂಬಿ.

ಪ್ಲಾಸ್ಟಿಕ್ಕಿನದು ಎಲ್ಲಕ್ಕಿಂತ ಅಗ್ಗ, ಹಗುರ, ಪ್ರಯಾಣಕ್ಕೆ ಅನುಕೂಲ. ಬುಡದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕೆ ಇದ್ದರೆ ಪಾಲಿಪ್ರೊಪಿಲೀನ್, ಅದು ಕುದಿನೀರನ್ನು ತಾಳುತ್ತದೆ. ಅಂಕೆಯೇ ಇಲ್ಲದ ಮೆತ್ತನೆಯ ಪ್ಲಾಸ್ಟಿಕ್ ಕುದಿನೀರಿಗೆ ಸೊಟ್ಟಗಾಗುತ್ತದೆ. ಒಳಗೆ ಗೀರು ಬಿದ್ದ ಮೇಲೆ ಅದರಲ್ಲಿ ಲೋಳೆಯಂಥ ಪದರ ಕಟ್ಟುತ್ತದೆ, ಬ್ರಶ್ಶಿಗೂ ಬಗ್ಗದು. ಕೆಲವು ತಿಂಗಳಿಗೊಮ್ಮೆ ಬದಲಿಸುವ ಮನಸ್ಸಿದ್ದರೆ ಮಾತ್ರ ಕೊಳ್ಳಿ. ಒತ್ತಿದರೆ ನೀರು ಚಿಮ್ಮುವ ಬಾಟಲಿಗಳು ಬೇರೆಯೇ ಜಾತಿ. ಸೈನಸ್ ಶಸ್ತ್ರಚಿಕಿತ್ಸೆಯ ನಂತರ ಇಎನ್‌ಟಿ ವೈದ್ಯರು ಅವನ್ನು ಬರೆದುಕೊಡುವುದುಂಟು. ಹೊಸಬರು ತಾವಾಗಿ ಕೊಳ್ಳುವುದು ಬೇಡ. ಮೂಗಿನ ಒಂದು ಬದಿ ಕಟ್ಟಿರುವಾಗ ಜೋರಾಗಿ ಒತ್ತಿದರೆ ನೀರು ಕಿವಿಯ ನಾಳಕ್ಕೆ ನುಗ್ಗುತ್ತದೆ. ಗಿಂಡಿಯಲ್ಲಿ ನೀರು ತನ್ನ ಭಾರಕ್ಕೇ ಇಳಿಯುವುದರಿಂದ ಆ ಅಪಾಯ ಕಡಿಮೆ.

ಇನ್ನು ಮೂತಿಯ ವಿಷಯ. ಒಳ್ಳೆಯ ಗಿಂಡಿ, ಕೆಟ್ಟ ಗಿಂಡಿ ಎಂಬ ತೀರ್ಮಾನ ಆಗುವುದು ಇಲ್ಲೇ, ಆದರೆ ಪೆಟ್ಟಿಗೆಯ ಮೇಲೆ ಇದರ ಬಗ್ಗೆ ಒಂದಕ್ಷರವೂ ಬರೆದಿರುವುದಿಲ್ಲ. ತುದಿ ಸಣ್ಣಗಿದ್ದು ಹಿಂದಕ್ಕೆ ಹೋದಂತೆ ನಿಧಾನವಾಗಿ ದಪ್ಪವಾಗಬೇಕು. ಆಗ ಹೊಳ್ಳೆ ಚಿಕ್ಕದಿರಲಿ ದೊಡ್ಡದಿರಲಿ, ಮೂತಿ ಬಿರಡೆಯ ಹಾಗೆ ಕೂತು ನೀರು ಪಕ್ಕಕ್ಕೆ ಸೋರುವುದಿಲ್ಲ. ಕೊಳವೆಯನ್ನು ಕತ್ತರಿಸಿ ಬಿಟ್ಟಂಥ ನೇರ ಮೂತಿ ಕೂರುವುದಿಲ್ಲ, ಅರ್ಧ ನೀರು ತುಟಿಯ ಮೇಲೆ ಹರಿದು ಹೋಗುತ್ತದೆ. ತುದಿಯ ಅಂಚನ್ನು ಹೊರಳಿಸಿ ನುಣುಪು ಮಾಡಿರಬೇಕು. ಕಿರುಬೆರಳ ತುದಿಯನ್ನು ಸುತ್ತಲೂ ಆಡಿಸಿ ನೋಡಿ. ಎಲ್ಲಾದರೂ ತಡೆದರೆ, ಅಥವಾ ಪ್ಲಾಸ್ಟಿಕ್ಕಿನ ಅಚ್ಚಿನ ಗೆರೆ ಉಬ್ಬಿದ್ದರೆ, ಅಲ್ಲೇ ಬಿಟ್ಟು ಬನ್ನಿ. ಹೊಳ್ಳೆಯ ಒಳಗಿನ ಮಧ್ಯದ ಗೋಡೆಯ ಮುಂಭಾಗದಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಣೆದುಕೊಂಡಿವೆ, ಸಾಮಾನ್ಯವಾಗಿ ಮೂಗಿನಿಂದ ರಕ್ತ ಬರುವುದು ಅಲ್ಲಿಂದಲೇ.

ಮೂತಿಯ ತುದಿ ಗಿಂಡಿಯ ಬಾಯಿಯ ಮಟ್ಟಕ್ಕಾದರೂ ಇರಬೇಕು, ಸ್ವಲ್ಪ ಮೇಲಿದ್ದರೆ ಇನ್ನೂ ಒಳ್ಳೆಯದು. ಕೆಳಗಿದ್ದರೆ ಗಿಂಡಿ ತುಂಬುವ ಮೊದಲೇ ಅಲ್ಲಿಂದ ಚೆಲ್ಲುತ್ತದೆ, ಅರ್ಧ ಲೀಟರ್ ಎಂದು ಕೊಂಡದ್ದು ಮುನ್ನೂರು ಮಿಲಿಗೆ ನಿಲ್ಲುತ್ತದೆ. ತೀರಾ ಗಿಡ್ಡ ಮೂತಿಯಾದರೆ ಗಿಂಡಿಯ ಹೊಟ್ಟೆ ಕೆನ್ನೆಗೆ ತಾಗಿ ಓರೆ ಮಾಡಲಾಗದು. ಮುಚ್ಚಳ ಇರುವುದಾದರೆ ಅದರಲ್ಲಿ ಗಾಳಿ ಹೋಗಲು ತೂತಿರಲಿ, ಇಲ್ಲದಿದ್ದರೆ ನೀರು ಗುಳುಗುಳು ಎಂದು ಬಿಟ್ಟುಬಿಟ್ಟು ಬರುತ್ತದೆ. ಸಾಧ್ಯವಾದರೆ ಅಂಗಡಿಯಲ್ಲೇ ನೀರು ಹಾಕಿ ಬಗ್ಗಿಸಿ ನೋಡಿ. ಧಾರೆ ಕಡಿಯದೆ, ಚಿಮ್ಮದೆ ಇಳಿಯಬೇಕು. ಕಾಲು ಲೀಟರ್ ಖಾಲಿಯಾಗಲು ಅರ್ಧ ನಿಮಿಷದ ಆಸುಪಾಸು ಹಿಡಿದರೆ ತೂತು ಸರಿಯಾಗಿದೆ ಎಂದರ್ಥ.

ಅರ್ಧ ಲೀಟರೇ ಏಕೆ? ಒಂದೊಂದು ಹೊಳ್ಳೆಗೆ ಕಾಲು ಲೀಟರಿನಂತೆ ಎರಡಕ್ಕೂ ಒಂದೇ ಸಲಕ್ಕೆ ಆಗುತ್ತದೆ ಎಂಬುದು ಒಂದು ಕಾರಣ. ಎರಡನೆಯದು ಉಪ್ಪಿನ ಲೆಕ್ಕ. ಬೇಕಾದ ಹದ ಶೇ 0.9, ಅಂದರೆ ಲೀಟರಿಗೆ 9 ಗ್ರಾಂ. ಕಾಲು ಲೀಟರಿನ ಪುಟ್ಟ ಗಿಂಡಿಗೆ ಎರಡೂಕಾಲು ಗ್ರಾಂ ಸಾಕು. ಅಲ್ಲಿ ಒಂದು ಗ್ರಾಂ ಹೆಚ್ಚಾದರೆ ಹದ ಶೇ 1.3 ಆಗಿಬಿಡುತ್ತದೆ, ಮೂಗು ಉರಿಯುತ್ತದೆ. ಉಪ್ಪು ಕಡಿಮೆಯಾದರೂ ಉರಿಯೇ, ಕೆರೆಯಲ್ಲಿ ಈಜುವಾಗ ಮೂಗಿಗೆ ನೀರು ಹೋದರೆ ನೆತ್ತಿಗೆ ಏರಿದಂತಾಗುವುದು ಇದೇ ಕಾರಣಕ್ಕೆ. ‘ಮೊದಮೊದಲು ಉರಿ ಸಹಜ, ಅಭ್ಯಾಸವಾಗುತ್ತದೆ’ ಎಂದು ಹೇಳುವವರಿದ್ದಾರೆ. ಹದ ಸರಿಯಿದ್ದರೆ ಮೊದಲ ದಿನವೂ ಉರಿ ಬರಬೇಕಾಗಿಲ್ಲ.

ಅಳತೆಗೆ ಸುಲಭದ ದಾರಿ ಇದು. ಒಂದು ಲೀಟರಿಗೂ ಸ್ವಲ್ಪ ಹೆಚ್ಚು ನೀರನ್ನು ಮೊದಲು ಕುದಿಸಿ, ಆರಿದ ಮೇಲೆ ಒಂದು ಲೀಟರ್ ಅಳೆದುಕೊಳ್ಳಿ, ಅದಕ್ಕೆ 9 ಗ್ರಾಂ ಪುಡಿ ಉಪ್ಪು ಹಾಕಿ. ಉಪ್ಪು ಹಾಕಿ ಕುದಿಸಿದರೆ ನೀರು ಆವಿಯಾಗಿ ಹದ ಏರುತ್ತದೆ. ತಕ್ಕಡಿ ಇಲ್ಲದವರಿಗೆ, 5 ಮಿಲಿಯ ಚಮಚಕ್ಕೆ ಮಟ್ಟಸವಾಗಿ ಹಿಡಿಸುವ ಪುಡಿ ಉಪ್ಪು ಸುಮಾರು 6 ಗ್ರಾಂ, ಆದ್ದರಿಂದ ಅರ್ಧ ಲೀಟರಿಗೆ ಮುಕ್ಕಾಲು ಚಮಚ. ಕಲ್ಲುಪ್ಪಿನ ಹರಳುಗಳ ನಡುವೆ ಸಂದು ಇರುವುದರಿಂದ ಚಮಚದ ಲೆಕ್ಕ ಅದಕ್ಕೆ ಹೊಂದದು. ಜತೆಗೆ ಅದರಲ್ಲಿ ಮಣ್ಣಿನ ಕಣ ಉಳಿದಿರುತ್ತದೆ. ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಂತೆ ಸೇರಿಸುವ ಪದಾರ್ಥ ಕೆಲವರ ಮೂಗಿಗೆ ಆಗಿಬರುವುದಿಲ್ಲ. ಅಂಥವರು ಬೇರೇನೂ ಬೆರೆಸದ ಶುದ್ಧ ಉಪ್ಪು ಹುಡುಕಬೇಕು. ಗುಲಾಬಿ ಬಣ್ಣದ ಹಿಮಾಲಯದ ಉಪ್ಪಿಗೆ ದುಬಾರಿ ಹಣ ಕೊಡುವುದರಲ್ಲಿ ಅರ್ಥವಿಲ್ಲ. ಉಪ್ಪುನೀರಿಗೂ ಒಣಗಿದ ಮೂಗು ಕೆರಳಿದರೆ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿ, ಬೇಕಿಂಗ್ ಪೌಡರ್ ಅಲ್ಲ.

ಮೆಡಿಕಲ್ ಶಾಪಿನ ಪುಟ್ಟ ಪೊಟ್ಟಣಗಳು ಉಪ್ಪು ಮತ್ತು ಸೋಡಾದ ಮಿಶ್ರಣ. ಅನುಕೂಲವೇನೋ ಹೌದು, ಆದರೆ ಹಲವು ಪೊಟ್ಟಣಗಳು ಸುಮಾರು 240 ಮಿಲಿ ನೀರಿಗೆ ತಕ್ಕಂತೆ ಅಳೆದವು. ಅರ್ಧ ಲೀಟರ್ ಗಿಂಡಿಗೆ ಒಂದೇ ಪೊಟ್ಟಣ ಹಾಕಿ ‘ಉರಿಯುತ್ತದೆ’ ಎಂದು ಗಿಂಡಿಯನ್ನು ಬೈಯುವ ಗ್ರಾಹಕರ ಅಭಿಪ್ರಾಯಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟಿವೆ.

ನೀರಿನ ವಿಷಯದಲ್ಲಿ ರಾಜಿ ಇಲ್ಲ. ಅಮೆರಿಕದ ಲೂಸಿಯಾನಾದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು, ಮಿದುಳಿಗೆ ಸೋಂಕು ತರುವ ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾದಿಂದ ತೀರಿಕೊಂಡರು. ನಮ್ಮ ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಬರುವ ಮಿದುಳು ಜ್ವರದ ಪ್ರಕರಣಗಳು ಸುದ್ದಿಯಾದವು. ಈ ಅಮೀಬಾ ಇರುವ ನೀರನ್ನು ಕುಡಿದರೆ ರೋಗ ಬರುವುದಿಲ್ಲ, ಮೂಗಿನ ಮೇಲ್ಭಾಗದಿಂದ ಮಿದುಳಿಗೆ ಏರಿದರೆ ಬರುತ್ತದೆ. ನೇತಿಯಲ್ಲಿ ನೀರು ಹೋಗುವುದು ಆ ದಾರಿಗೇ. ಆದ್ದರಿಂದ ಬಾವಿ, ಬೋರ್‌ವೆಲ್, ಟ್ಯಾಂಕರ್, ನಲ್ಲಿ, ಕ್ಯಾನ್ ಯಾವ ನೀರೇ ಆಗಲಿ, ಕೊತಕೊತ ಕುದಿ ಬಂದ ಮೇಲೆ 3ರಿಂದ 5 ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, 24 ಗಂಟೆಯೊಳಗೆ ಬಳಸಿ. ಆರ್‌ಒ ಯಂತ್ರದ ನೀರಾದರೆ ಸಾಲದೇ ಎಂದು ಕೇಳುವವರಿಗೆ: ಸೋಸಿದ ನೀರು ನಿಲ್ಲುವುದು ಆ ಯಂತ್ರದ ತೊಟ್ಟಿಯಲ್ಲಿ, ಅದನ್ನು ತೊಳೆದು ಎಷ್ಟು ಕಾಲವಾಯಿತು ಎಂದು ನೆನಪಿಸಿಕೊಳ್ಳಿ. ಅದನ್ನೂ ಕುದಿಸಲೇಬೇಕು. ಕುದಿಸಿದ ನೀರಿಗೆ ಹದ ಮಾಡಲೆಂದು ತಣ್ಣೀರು ಬೆರೆಸಿದರೆ ಕುದಿಸಿದ್ದೆಲ್ಲ ವ್ಯರ್ಥ. ಮುಂಗೈ ಒಳಭಾಗಕ್ಕೆ ಹನಿಸಿದಾಗ ಬಿಸಿಯೂ ತಂಪೂ ಅನ್ನಿಸದಿದ್ದರೆ ಅದೇ ಹದ.

ಮಾಡುವ ಕ್ರಮದಲ್ಲಿ ಜನ ತಪ್ಪುವುದು ಹೆಚ್ಚಾಗಿ ತಲೆಯ ಕೋನದಲ್ಲಿ. ಸಿಂಕಿನ ಮುಂದೆ ಸೊಂಟದಿಂದ ಬಾಗಿ ತಲೆಯನ್ನು ಪಕ್ಕಕ್ಕೆ ಓರೆ ಮಾಡಿ, ಹಣೆ ಮತ್ತು ಗಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಲಿ. ಬಾಯಲ್ಲಿ ಉಸಿರಾಡಿ, ಮಾತು ಬೇಡ. ಮೇಲಿನ ಹೊಳ್ಳೆಗೆ ಮೂತಿ ಇಟ್ಟರೆ ಕೆಳಗಿನ ಹೊಳ್ಳೆಯಿಂದ ನೀರು ಇಳಿಯುತ್ತದೆ. ಗಂಟಲಿಗೆ ಬಂದರೆ ತಲೆ ಹಿಂದಕ್ಕೆ ವಾಲಿದೆ ಎಂದರ್ಥ, ಗಲ್ಲವನ್ನು ಎದೆಯ ಕಡೆಗೆ ತನ್ನಿ, ಬಂದದ್ದನ್ನು ಉಗುಳಿ. ಪೂರ್ತಿ ಕಟ್ಟಿರುವ ಮೂಗಿಗೆ ಒತ್ತಾಯ ಬೇಡ.

ಆಮೇಲೆ ಒಣಗಿಸುವುದು. ಇದನ್ನು ಬಿಟ್ಟವರಿಗೇ ‘ನೇತಿ ಮಾಡಿ ತಲೆ ಭಾರವಾಯಿತು’ ಎನ್ನುವ ದೂರು. ಮುಂದಕ್ಕೆ ಬಾಗಿ, ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತ, ಎರಡೂ ಹೊಳ್ಳೆ ತೆರೆದಿಟ್ಟು ಮೆಲ್ಲಗೆ ಇಪ್ಪತ್ತು ಮೂವತ್ತು ಸಲ ಉಸಿರು ಹೊರಗೆ ಬಿಡಿ. ಒಂದು ಹೊಳ್ಳೆ ಒತ್ತಿ ಹಿಡಿದು ಇನ್ನೊಂದರಿಂದ ಜೋರಾಗಿ ಉಸಿರು ಹೊರದಬ್ಬಿದರೆ ಉಳಿದ ನೀರು ಕಿವಿಗೆ ಸೇರುತ್ತದೆ. ಅರ್ಧ ಗಂಟೆ ಮಲಗಬೇಡಿ. ಮೂಗು ಒಣಗಿದಂತಾದರೆ ಕೊಬ್ಬರಿ ಎಣ್ಣೆಯನ್ನು ಬೆರಳ ತುದಿಯಲ್ಲಿ ಹೊಳ್ಳೆಯ ಅಂಚಿಗೆ ಸವರಿದರೆ ಸಾಕು, ಒಳಗೆ ಸುರಿಯುವುದು ಬೇಡ.

ಪೆಟ್ಟಿಗೆಗಳ ಮೇಲೆ ಕಣ್ಣಿನ ದೃಷ್ಟಿ, ನೆನಪಿನ ಶಕ್ತಿ, ಮೈಗ್ರೇನ್ ಎಂದೆಲ್ಲ ಬರೆದಿರುತ್ತಾರೆ. ನಂಬಬೇಕಾದದ್ದು ಇಷ್ಟು: ಬೆಂಗಳೂರಿನ ರಸ್ತೆ ಧೂಳು, ಕಾಂಗ್ರೆಸ್ ಗಿಡದ ಪರಾಗ, ನೆಗಡಿಯ ಗಟ್ಟಿ ಲೋಳೆ, ಇವು ತೊಳೆದುಹೋಗುತ್ತವೆ, ಅಲರ್ಜಿ ಮತ್ತು ಸೈನಸ್ ತೊಂದರೆಯವರಿಗೆ ಉಸಿರು ಹಗುರಾಗುತ್ತದೆ. ವೈದ್ಯರು ಮೂಗಿನ ಸ್ಪ್ರೇ ಕೊಟ್ಟಿದ್ದರೆ ನಿಲ್ಲಿಸಬೇಡಿ, ನೇತಿ ಮೊದಲು, ಸ್ಪ್ರೇ ಆಮೇಲೆ. ಧೂಳಿನ ದಿನಗಳಲ್ಲಿ ದಿನಕ್ಕೊಮ್ಮೆ ಸಾಕು, ಮೂಗು ಚೆನ್ನಾಗಿರುವಾಗ ದಿನವೂ ತೊಳೆಯುವ ಅಗತ್ಯವಿಲ್ಲ, ತೆಳು ಲೋಳೆಯೇ ಮೂಗಿನ ಕಾವಲು. ಕಿವಿ ಸೋರುವವರು, ಪದೇ ಪದೇ ಮೂಗಿನಿಂದ ರಕ್ತ ಬರುವವರು, ಇತ್ತೀಚೆಗೆ ಮೂಗಿನ ಶಸ್ತ್ರಚಿಕಿತ್ಸೆ ಆದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಪುಟ್ಟ ಮಕ್ಕಳಿಗೂ ಅಷ್ಟೆ.

ಪ್ರತಿ ಸಲ ಬಳಸಿದ ಮೇಲೆ ಕುದಿಸಿ ಆರಿಸಿದ ನೀರಿನಿಂದ ಮೂತಿಯ ಒಳಗೂ ಹಾಯುವಂತೆ ಜಾಲಿಸಿ ಬೋರಲು ಹಾಕಿ. ಬಚ್ಚಲುಮನೆಯ ತೇವದಲ್ಲಿ ಇಡುವುದಕ್ಕಿಂತ ಅಡುಗೆಮನೆಯ ಗಾಳಿಯಾಡುವ ಸ್ಟ್ಯಾಂಡಿನಲ್ಲಿ ಇಟ್ಟರೆ ಬೇಗ ಒಣಗುತ್ತದೆ. ವಾರಕ್ಕೊಮ್ಮೆ ಸ್ಟೀಲಿನದನ್ನು ಕುದಿನೀರಿನಲ್ಲಿ ಮುಳುಗಿಸಿ. ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ಗಿಂಡಿ ಕೊಳ್ಳಿ, ಬುಡದಲ್ಲಿ ಹೆಸರು ಕೊರೆಸಿಕೊಳ್ಳಿ. ಪಾತ್ರೆ ಅಂಗಡಿಗಳಲ್ಲಿ ಆ ಕೆಲಸ ಹೇಗೂ ಮಾಡಿಕೊಡುತ್ತಾರೆ.